ಏಳು ಮೀಟರ್ ಹದಿನೆಂಟು

ಸಂಜೆ ಐದಕ್ಕೆಲ್ಲ ಸಂಡೂರು ಗುಡ್ಡದ ಕಡೆಯಿಂದ ಮಳೆ ಇಳಿದು ಬಂದಿತ್ತು. ಗಾದಿಗನೂರಿನ ಸಮುದಾಯ ಭವನದಲ್ಲಿ ಬಿಡಾರ ಹೂಡಿದ್ದ ಭೂಜಲ ವಿಭಾಗದ ಎಮ್ಮೆಸ್ಸಿ ಮಕ್ಕಳು ಟೇಪು, ಪುಸ್ತಕ, ಗ್ರಾಫಿನ ಹಾಳೆಗಳನ್ನು ಎದೆಗೆ ಅವುಚಿಕೊಂಡು ಓಡಿ ಬಂದು ಒಳಗೆ ಸೇರಿದರು. ಸೇರಿದ ಮರುಗಳಿಗೆಗೇ ಕರೆಂಟು ಹೋಯಿತು. ಭಾರ್ಗವ್ ಊರೊಳಗಿನಿಂದ ಒಗ್ಗರಣೆ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದ. ಪೇಪರು ತೊಯ್ದಿದ್ದರೂ ಮಿರ್ಚಿ ಬಿಸಿ ಇತ್ತು. ಎಲ್ಲರೂ ಸುತ್ತ ಕೂತರು, ಶ್ರೀಪ್ರಿಯಾ ಒಬ್ಬಳನ್ನು ಬಿಟ್ಟು.

ಅವಳು ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು. ಮಧ್ಯಾಹ್ನ ಬಾವಿಯ ದಂಡೆಯಿಂದ ಭಾರ್ಗವ್ ಕೂಗಿದ ಅಂಕಿಯನ್ನು ಅವಳು ಸರಿಯಾಗಿಯೇ ಬರೆದುಕೊಂಡಿದ್ದಳು, ತಿರುಗಿ ಕೂಗಿ ಹೇಳುವುದನ್ನು ಮಾತ್ರ ಮರೆತಿದ್ದಳು. ಅಷ್ಟಕ್ಕೇ ಅವರ ಗೈಡು ಶ್ರೀಪತಿ ಸರ್ ಹೊಲದ ತುದಿಯಿಂದ ಓಡಿ ಬಂದು, ಪಂಪು ನಿಲ್ಲಿಸಿ, ಹೊಲದವರ ಎದುರಿಗೆ ಪುಸ್ತಕ ಕಿತ್ತುಕೊಂಡು ಅರಚಿದ್ದರು. ಎರಡು ವರ್ಷದಲ್ಲಿ ಒಮ್ಮೆಯೂ ದನಿ ಎತ್ತದ ಮನುಷ್ಯ. ಅವಳಿಗೆ ಅವಮಾನಕ್ಕಿಂತ ಹೆಚ್ಚು ಹೆದರಿಕೆಯಾಗಿತ್ತು.

"ಬಾರವಾ ತಂಗಿ, ಕುಂದ್ರು. ಮಿರ್ಚಿ ಮ್ಯಾಲ ಯಾಕ ಸಿಟ್ಟು? ಅದೇನು ನಿನಗ ಬೈದಿಲ್ಲ" ಅಂದ ಜಡೆಪ್ಪ ತಾತ. ಆತ ವಿಭಾಗದಲ್ಲಿ ನಲವತ್ತು ವರ್ಷ ಅಟೆಂಡರಾಗಿ ನಿವೃತ್ತನಾದವನು. ಈ ಸೀಮೆಯ ಬಾವಿಗಳೆಲ್ಲ ಆತನಿಗೆ ಹೆಸರು ಹಿಡಿದು ಗೊತ್ತು, ಹಾಗಾಗಿ ಶ್ರೀಪತಿ ಸರ್ ಈಗಲೂ ಆತನನ್ನು ಕರೆದುಕೊಂಡೇ ಬರುತ್ತಾರೆ.

"ನಾ ನಾಳೆ ಊರಿಗೆ ಹೋಗ್ತೀನಿ ತಾತಾ. ಗೈಡ್ ಬದಲಿ ಮಾಡ್ರಿ ಅಂತ ಅರ್ಜಿ ಬರೀತೀನಿ. ಒಂದು ಸಲ ತಿರುಗಿ ಹೇಳಲಿಲ್ಲ ಅಂತ ಅಷ್ಟು ಮಂದಿ ಮುಂದ ಹಂಗ ಒದರಬೇಕೇನ್ರಿ?"

ತಾತ ಬೀಡಿ ಹೊರಗೆ ತೆಗೆದು, ಹಚ್ಚದೆ ಬೆರಳ ಸಂದಿಯಲ್ಲೇ ಹಿಡಿದುಕೊಂಡ.

"ಬರಿಯವಾ, ಬರಿ. ಅರ್ಜಿ ಬರಿಯಾಕ ಯಾರಪ್ಪಂದೇನು? ಆದ್ರ ಮದ್ಲ ಕೇಳು. ಸರ್ ಹೊಸಪೇಟಿಗೆ ಹೋಗ್ಯಾರ, ಇಲ್ಲಂದ್ರ ನಾ ಬಾಯಿ ಬಿಡ್ತಿದ್ದಿಲ್ಲ. ಲೇ ಭಾರ್ಗವಾ, ಆ ಮೊಬೈಲ್ ಲೈಟು ಆರಿಸೋ, ಕಣ್ಣಿಗೆ ಚುಚ್ಚತೈತಿ… ಹಾಂ, ಹಂಗ."

ಶ್ರೀಪ್ರಿಯಾ ಬಂದು ಗೋಡೆಗೆ ಒರಗಿ ಕೂತಳು. ತಗಡಿನ ಮೇಲೆ ಮಳೆ ಜೋರಾಗಿ ಬಡಿಯುತ್ತಿತ್ತು. ತಾತ ದನಿ ಏರಿಸಲಿಲ್ಲ, ಇವರೇ ಹತ್ತಿರ ಸರಿದರು.

"ಹದಿನಾಕು ವರ್ಷದ ಹಿಂದಿನ ಮಾತು. ಆಗ ನಿಮ್ಮ ಸರ್ ಇನ್ನೂ ಸರ್ ಅಲ್ಲ, ನಿಮ್ಮಂಗ ಎಮ್ಮೆಸ್ಸಿ ಹುಡುಗ. ಚಿತ್ತವಾಡ್ಗಿ ಮನಿ, ಆಚಾರ್ರ ಪೈಕಿ, ಜಾಣ ಅಂದ್ರ ಜಾಣ, ಪುಸ್ತಕ ಅರದು ಕುಡದು ಬಿಟ್ಟಿದ್ದ. ಅವನ ಜೋಡಿ ಕಂಪ್ಲಿ ಮುರುಗೇಶ. ಅವನವ್ವ ಕೊಟ್ರಮ್ಮ, ಗಂಡ ಸತ್ತಾಕಿ, ರೈಸ್ ಮಿಲ್ಲಿನಾಗ ಅಕ್ಕಿ ಹಸನ ಮಾಡಿ ಹೊಟ್ಟಿ ಬಟ್ಟಿ ಕಟ್ಟಿ ಆ ಒಬ್ಬ ಮಗನ್ನ ಅಲ್ಲಿತನಕ ಓದಿಸಿದ್ಲು. ಆಕಿ ಕಟ್ಟಿ ಕಳಿಸಿದ ರೊಟ್ಟಿ ಮುರುಗೇಶಗ ಸಿಗತಿದ್ದಿಲ್ಲ, ಈ ಆಚಾರ್ರ ಹುಡುಗನ ಕಸಗೊಂಡು ತಿಂತಿದ್ದ. ಅಷ್ಟು ದೋಸ್ತಿ ಅವರದು. ನೋಡಿದ್ರ ಹೊಟ್ಟಿ ತಣ್ಣಗಾಗತಿತ್ತು.

"ಇಲ್ಲೇ, ಈ ಊರಾಗ, ಎರ್ರೆಪ್ಪನ ಹೊಲದ ಬಾವಿ. ಈಗ ಹುಡುಕಬ್ಯಾಡ್ರಿ, ಮುಚ್ಚಿ ಜಾಲಿ ಬೆಳದೈತಿ. ಪಂಪಿಂಗ್ ಟೆಸ್ಟ್ ಹಚ್ಚಿದ್ವಿ. ನಿಮಗ ಗೊತ್ತಿದ್ದದ್ದ ಹೇಳ್ತೀನಿ, ಆದ್ರೂ ಕೇಳ್ರಿ. ಇಂಜಿನ್ ನೀರು ಜಗ್ಗಕೊಂತ ಇರ್ತೈತಿ, ಬಾವ್ಯಾಗ ನೀರು ಇಳಕೊಂತ ಹೋಗ್ತೈತಿ, ಒಬ್ಬಾಂವ ದಂಡಿಗೆ ನಿಂತು ಟೇಪ್ ಬಿಟ್ಟು ನೀರು ಎಷ್ಟು ಕೆಳಗ ಹೋತು ಅಂತ ಒದರಬೇಕು, ಇನ್ನೊಬ್ಬಾಂವ ಬೇವಿನ ಗಿಡದ ಬುಡಕ ಕುಂತು ಬರ್ಕೊಂಡು, ಅದ ಅಂಕಿ ತಿರುಗಿ ಒದರಬೇಕು. ಯಾಕ? ಇಂಜಿನ್ ಸಪ್ಪಳದಾಗ ಕೇಳಿಸ್ತೋ ಇಲ್ಲೋ ಗೊತ್ತಾಗಬೇಕಲ್ಲ. ತಿರುಗಿ ಒದರೂತನ ದಂಡಿ ಮ್ಯಾಲಿನಾಂವ ಅಲ್ಲಿಂದ ಅಲ್ಲಾಡಂಗಿಲ್ಲ. ಅದು ಪದ್ಧತಿ.

"ಮುರುಗೇಶ ದಂಡಿ ಮ್ಯಾಲ. ಶ್ರೀಪತಿ ಗಿಡದ ಕೆಳಗ. ನಾ ಇಂಜಿನ್ ಹಂತ್ಯಾಕ. ಮುಂಜಾನಿಂದ ಏನು ಚಂದ ನಡೆದಿತ್ತಂತೀರಿ! ಏಳು ಇಪ್ಪತ್ತು… ಏಳು ಮೂವತ್ತೊಂದು… ಏಳು ಮೂವತ್ತೆಂಟು… ಗ್ರಾಫಿನಾಗ ಗೆರಿ ಬೆಣ್ಣಿ ಮ್ಯಾಲ ಬೆರಳು ಎಳದಂಗ ಇಳಕೊಂತ ಹೊಂಟಿತ್ತು. ಶ್ರೀಪತಿ ಕುಣ್ಯಾಕ ಹತ್ತಿದ್ದ. ಇಂಥ ಗೆರಿ ಯಾರಿಗೂ ಬಿದ್ದಿಲ್ಲ ಜಡೆಪ್ಪಾ ಅಂತ. ಮಧ್ಯಾನ ಮೂರು ಹತ್ತಕ್ಕ ಮುರುಗೇಶ ಒದರಿದ, ಏಳು ಮೀಟರ್ ಹದಿನೆಂಟು.

"ತಿಳೀತೇನು? ಇಂಜಿನ್ ಜಗ್ಗಾಕ ಹತ್ತೈತಿ, ನೀರು ಇಳೀಬೇಕು… ಏರೈತಿ. ಹೆಂಗ ಏರೀತು?"

"ತಳದಾಗ ಏನರ ಕುಸಿದಿರಬೇಕು ತಾತಾ" ಅಂದಳು ಶ್ರೀಪ್ರಿಯಾ, ಸಣ್ಣ ದನಿಯಲ್ಲಿ. "ಮಣ್ಣು ಬಿದ್ರ ನೀರು ಮ್ಯಾಲ ಬರ್ತೈತಿ."

"ಶಾಣ್ಯಾಕಿ ನೀನು. ಅವತ್ತು ಆ ಶಾಣ್ಯಾಗ ತಿಳೀಲಿಲ್ಲ ನೋಡು. ಬಾವಿ ಕಲ್ಲಿನ ಕಟ್ಟಡ ತಳದಾಗ ಸಡಿಲಾಗಿ ಜಾರಾಕ ಹತ್ತಿತ್ತು. ಆ ಅಂಕಿ ಅದನ್ನ ಹೇಳಾಕ ಬಂದಿತ್ತು, ಓಡ್ರಿ ಅಂತ. ಶ್ರೀಪತಿ ಏನು ಮಾಡಿದ? ಇಂವ ಏನೋ ತಪ್ಪು ಓದ್ಯಾನ, ನನ್ನ ಗೆರಿ ಕೆಡತೈತಿ ಅಂತ, ಏಳು ನಲವತ್ನಾಕು ಅಂತ ತಾನ ಬರ್ಕೊಂಡ. ಸುಮ್ನ ಕುಂತ. ತಿರುಗಿ ಒದರಲಿಲ್ಲ. ಹೆಂಗ ಒದರ್ಯಾನು, ಬರದದ್ದು ಬ್ಯಾರೆ ಅಲ್ಲ!

"ಮುರುಗೇಶ ಎರಡನೇ ಸಲ ಒದರಿದ. ಮೂರನೇ ಸಲ… 'ಏಳು ಹದಿನೆಂಟು, ಬರ್ಕೋಲೇ ಶ್ರೀಪತೀ' ಅಂತ ನಕ್ಕೊಂತ ಒದರಿದ. ನನಗೂ ಕೇಳಿಸ್ತು. ಇಬ್ರೂ ಚ್ಯಾಷ್ಟಿ ಮಾಡ್ತಾರ ಅಂತ ನಾ ಸುಮ್ನಾದೆ… ನನ್ನ ಬಾಯಿಗೇನು ಬಡದಿತ್ತೋ! ಅಂವ ಪಾಪ, ಇಂವ ನಂಬವಲ್ಲ, ಟೇಪ್ ಸುಳ್ಳು ಹೇಳಾಕ ಹತ್ತೈತೋ ಏನೋ, ಕೆಳಗಿಳದು ಖರೇ ನೋಡಿಯೇ ಹೇಳ್ತೀನಿ ಅಂತ ಬಾವಿ ಮೆಟ್ಲ ಇಳದ. ಆರೋ ಏಳೋ ಮೆಟ್ಲ ಇಳದಿರಬೇಕು. ಕಟ್ಟಡ ಕುಸೀತು. ಸಪ್ಪಳ ಸೈತ ದೊಡ್ಡದಾಗಲಿಲ್ಲ, ಇಂಜಿನ್ ಸಪ್ಪಳದಾಗ ಅದೂ ಮುಚ್ಚಿ ಹೋತು. ಎರಡು ದಿನಕ್ಕ ಹೆಣ ಸಿಕ್ತು. ಟೇಪ್ ಕೈಯಾಗ ಇತ್ತು ತಂಗಿ, ಬಿಟ್ಟಿದ್ದಿಲ್ಲ."

ಮಧ್ಯಾಹ್ನ ಸರ್ ಓಡಿ ಬಂದು ಮೊದಲು ಪಂಪು ನಿಲ್ಲಿಸಿದ್ದು ಯಾಕೆಂದು ಶ್ರೀಪ್ರಿಯಾಳಿಗೆ ಈಗ ಅರ್ಥವಾಯಿತು. ಅವಳಿಗೆ ಅಳು ಬಂತು.

"ಎನ್ಕ್ವಾಯರಿ ಆತು. ಹುಡುಗ ಯಾರನ್ನೂ ಕೇಳದ ಬಾವಿಗಿಳದ, ತಪ್ಪು ಅವಂದ ಅಂತ ಬರದು ಕೈ ತೊಳಕೊಂಡ್ರು. ಶ್ರೀಪತಿ ಬಾಯಿ ಬಿಡಲಿಲ್ಲ, ಎಷ್ಟೋ ದಿನದ ಮ್ಯಾಲ ನನಗೊಬ್ಬಗ ಹೇಳಿದ. ಕಂಪ್ಲ್ಯಾಗ ಮಂದಿ ಆ ಹಡದವ್ವನ ಮಾರಿ ಮ್ಯಾಲ ಅಂದ್ರು, ನಿನ್ನ ಮಗ ಹುಡುಗಾಟ ಮಾಡಾಕ ಹೋಗಿ ಸತ್ತ ಅಂತ. ಆಕಿ ಅದನ್ನೂ ನುಂಗಕೊಂಡು ಮಿಲ್ಲಿಗೆ ಹೋದ್ಲು. ಇತ್ತ ಶ್ರೀಪತಿ ಪಾಸಾದ, ಪಿಎಚ್‌ಡಿ ಮಾಡಿದ, ಮೇಷ್ಟ್ರಾದ. ಆದ್ರ ಯಾವ ಬಾವಿ ಮ್ಯಾಲ ಇಂಜಿನ್ ಹಚ್ಚಲಿ, ಮೂರು ಹತ್ತಾತಂದ್ರ ಒಳಗಿಂದ ದನಿ. ಏಳು ಹದಿನೆಂಟು. ಅವಗೊಬ್ಬಗ ಕೇಳಿಸ್ತೈತಿ. ಇವನೂ ನಿಮಗ ಕೇಳದಂಗ ಹೊಲದ ತುದಿಗೆ ಹೋಗಿ ತಿರುಗಿ ಒದರ್ತಾನ, ಗಂಟಲ ಹರಿಯೂತನ ಒದರ್ತಾನ, ಎಷ್ಟೋ ಸಲ ನಾನ ನೋಡೀನಿ. ಮತ್ತ ಅದ… ಏಳು ಹದಿನೆಂಟು. ಸುಳ್ಳು ಬರದ ಕೈಯಪ್ಪಾ ಅದು. ಆ ಕೈಯವನ ಬಾಯಿ ಮಾತು ಸತ್ತಾಂವ ಹೆಂಗ ನಂಬ್ಯಾನು?

"ಹೋದ ವರ್ಷ ಶ್ರಾವಣದಾಗ ನಾನ ಬೈದೆ. ಉಪ್ಪು ತಿಂದಾಂವ ನೀರು ಕುಡೀಬೇಕ್ರಿ ಸರ್, ನಡೀರಿ ಕಂಪ್ಲಿಗೆ, ಆ ತಾಯಿ ಮುಂದ ಖರೇ ಹೇಳ್ರಿ, ನಿನ್ನ ಮಗಂದು ತಪ್ಪಿಲ್ಲ ಅಂತ ಒಂದು ಮಾತು ಹೇಳ್ರಿ ಅಂದೆ. ಹೋದ್ವಿ. ದಾರೀ ತುಂಬ ಬಾಯಿಪಾಠ ಮಾಡಿಕೊಂತ ಬಂದ. ಆಕಿ ಬಾಗಲದಾಗ ನಿಂತು ನೋಡಿದ್ಲು, ಬೈತಾಳೋ ಹೊಡಿತಾಳೋ ಅಂತ ನಾ ಅಂದಕೊಂಡೆ. 'ಬಂದ್ಯಾ ಶ್ರೀಪತಿ, ಕುಂದ್ರು' ಅಂದ್ಲು. 'ನೀ ಓದಿದಾಂವ, ನಿನ್ನ ಒಂದು ಮಾತು ಕೇಳಬೇಕಂತಿದ್ದೆ. ಏಳು ಹದಿನೆಂಟು ಅಂದ್ರ ಏನೋ ಅದು?'

"ಆಕಿಗೆ ಆ ಅಂಕಿ ಹೇಳಿದೋರು ಯಾರು? ನಾವು ಯಾರೂ ಹೇಳಿಲ್ಲ, ಯಾವ ಕಾಗದದಾಗೂ ಅದು ಇಲ್ಲ.

"'ಹಿತ್ತಲ ಬಾವ್ಯಾಗಿಂದ ದಿನಾ ಮಧ್ಯಾನ ನಮ್ಮ ಮುರುಗ ಒದರ್ತಾನೋ. ಏಳು ಹದಿನೆಂಟು, ಬರ್ಕೋ ಅಂತಾನ. ನನಗ ಬರಿಯಾಕ ಬರಂಗಿಲ್ಲ ಮಗನ ಅಂತ ನಾ ಅಳ್ತೀನಿ. ಏನು ಬೇಡತಾನೋ, ಏನು ಕೊಡಬೇಕೋ, ಒಂದೂ ತಿಳಿವಲ್ದು.'

"ಈಗರ ಹೇಳಬೇಕಿಲ್ಲೇನ್ರಿ? ಹೇಳಿ, ಕಾಲು ಹಿಡಕೊಂಡು ಅಳಬೇಕಿಲ್ಲೇನು? ಬಾಯಿ ತಗದ ಸರ್… ಆಕಿ ಮಾರಿ ನೋಡಿದ… 'ಏನಿಲ್ಲವ್ವಾ, ನೀ ಅದನ್ನ ತಿರುಗಿ ಅನ್ನು, ಅಷ್ಟ ಸಾಕು ಅವಗ' ಅಂದುಬಿಟ್ಟ. ಥೂ ನಿನ್ನ ಮನಿಷ್ಯಾ ಅನ್ನಬೇಕನ್ನಿಸ್ತು. ಮರುದಿನದಿಂದ ಆಕಿ ತಿರುಗಿ ಅಂದ್ಲು. ಹಡದವ್ವನ ದನಿ ಅಲ್ಲೇನು, ಅಂವ ಕೇಳಿದ. ಅಂಕಿ ಬದ್ಲಾತು. ಏಳು ಹದಿನಾರು. ಏಳು ಹತ್ತು. ದಿನಾ ಒಂದೊಂದು ಬೆರಳು, ಎರಡೆರಡು ಬೆರಳು ಕಡಿಮಿ. ದೀಪಾವಳಿಗೆ ಐದಾತು, ಶಿವರಾತ್ರಿಗೆ ಮೂರಾತು. ದಂಡಿಯಿಂದ ಅಷ್ಟು ಕೆಳಗ ಅದಾನ ಅಂತ ಆಕಿಗೂ ಗೊತ್ತಾತು ನೋಡ್ರಿ. ಮಗ ಮ್ಯಾಲ ಬರಾಕ ಹತ್ಯಾನ ಅಂತ ಆಕಿ ಮಾರಿ ಮ್ಯಾಲ ನಗಿ ಬಂತು… ಹದಿಮೂರು ವರ್ಷ ಆದ ಮ್ಯಾಲ.

"ಬಾವಿ ಮ್ಯಾಲಿನ ಕಬ್ಬಿಣದ ಜಾಳಿಗಿ ತಗಿಸಿ ಒಗದ್ಲು, ಮಗಗ ಅಡ್ಡ ಆಗಬಾರ್ದು ಅಂತ. ನಾ ಮುಚ್ಚಾಕ ಹೋದ್ರ ಕಲ್ಲು ತಗೊಂಡ್ಲು. ಆ ಬಾವಿ ಬಿಡಿಸಿ ಆಕಿನ್ನ ಈಚೆ ಕರಕೊಂಡು ಬರೋದು ಒಂದ ಮಾತು, ಖರೇ ಮಾತು. ಅದು ಇರೋದು ಸರ್ ಬಾಯಾಗ. ಇನ್ನೊಬ್ರು ಹೇಳಿದ್ರ ಆಕಿ ನಂಬಂಗಿಲ್ಲ, ನಾ ಹೇಳಿ ನೋಡೀನಿ.

"ನಿನ್ನೆ ಐತವಾರ. ಇವತ್ತು ಹೇಳೇ ಬಿಡ್ತೀನಿ ಜಡೆಪ್ಪಾ ಅಂತ ಕಣ್ಣೀರು ಹಾಕಿಕೊಂಡು ನನ್ನ ಗಾಡಿ ಮ್ಯಾಲ ಕೂಡಿಸಿಕೊಂಡು ಹೋದ. ಹೋಗೂದ್ರಾಗ ಮೂರು ಹತ್ತಾಗಿತ್ತು. ಆಕಿ ಹಿತ್ತಲದಾಗ. 'ನಲವತ್ತು!' ಅಂತ ತಿರುಗಿ ಒದರಿದ್ಲು. ಮೀಟರ್ ಮುಗದು ಬರೇ ಸೆಂಟಿಮೀಟರ್ ಉಳದಿದ್ವು. ಒಂದು ಕೈಲೆ ಗಡಗಡಿ ಕಂಬ ಹಿಡಕೊಂಡು ಎದಿಮಟ ಬಗ್ಗಿ ಇನ್ನೊಂದು ಕೈ ಒಳಗ ಬಿಟ್ಲು. ನಾ ಓಡಿ ಹೋಗಿ ಸೊಂಟ ಹಿಡಕೊಂಡೆ. ಹಿಡೀದಿದ್ರ… ಬ್ಯಾಡ ಬಿಡ್ರಿ. ಜಗ್ಗಿ ಮ್ಯಾಲ ತಗದೆ. ಆಕಿ ಕೈ ಮೊಣಕೈ ತನಕ ತೊಯ್ದಿತ್ತು. ನಾ ಟೇಪ್ ಬಿಟ್ಟು ನೋಡಿದೆ, ನೀರು ನಾಕು ಮೀಟರ್ ಇಪ್ಪತ್ತು ಕೆಳಗ ಐತಿ, ಯಾರ ಕೈಗೂ ಮುಟ್ಟಂಗಿಲ್ಲ. ಮತ್ತ ಆ ಕೈಗೆ ಬೆರಳ ಸಂದ್ಯಾಗೆಲ್ಲ ಕೆಂಪು ಮಣ್ಣು ಹತ್ತಿತ್ತು. ಕಂಪ್ಲಿ ಎರಿ ನೆಲ, ಆ ಹಿತ್ತಲದಾಗ ಎಲ್ಲಿ ಅಗದ್ರೂ ಕರೀ ಮಣ್ಣು. ಗಣಿ ಸೀಮ್ಯಾಗ ಹುಟ್ಟಿ ಬೆಳದಾಂವ ನಾ, ಆ ಕೆಂಪು ಈ ಊರಿಂದು ಅಂತ ನನಗ ಯಾರೂ ಹೇಳಬೇಕಾಗಿಲ್ಲ.

"'ಭಾಳ ತಣ್ಣಗೈತೋ ಅವನ ಕೈ' ಅಂದ್ಲು ಆಕಿ. ಸೆರಗಿಲೆ ಒರಸಿಕೊಳ್ಳಲೂ ಇಲ್ಲ, ಹಂಗ ಎದಿಗೆ ಒತ್ತಿಕೊಂಡ್ಲು. 'ಸೊನ್ನಿಗೆ ಬಂದ್ರ ಹೊರಗ ಬರ್ತಾನಲ್ಲೋ ಶ್ರೀಪತಿ?'

"ಹೇಳಾಕಂತ ಹೋದ ಮನಿಷ್ಯಾ. 'ಹೂಂನವ್ವಾ, ಬರ್ತಾನ' ಅಂದ."

ತಾತ ಬೀಡಿಯನ್ನು ಮುರಿದು ಬಾಗಿಲಾಚೆ ಮಳೆಗೆ ಎಸೆದ.

"ನಿನ್ನೆ ನಲವತ್ತಿತ್ತು. ಇವತ್ತಿಂದು ಎಷ್ಟಾತೋ, ಕೇಳಾಕ ನನಗ ಧೈರ್ಯ ಆಗಿಲ್ಲ. ನಾಳಿ ಮಧ್ಯಾನ ನೀವು ಇಲ್ಲಿ ಇಂಜಿನ್ ಹಚ್ಚಿರ್ತೀರಿ, ಸರ್ ನಿಮ್ಮ ಜೋಡಿ ಇರ್ತಾರ, ನಾನೂ ಇರ್ತೀನಿ. ಮೂರು ಹತ್ತಕ್ಕ ಆಕಿ ಅಲ್ಲಿ ಮತ್ತ ಬಗ್ಗತಾಳ, ತಂಗಿ. ಸೊಂಟ ಹಿಡಿಯಾಕ ಯಾರೂ ಇರಂಗಿಲ್ಲ."