ಎಡಗಡೆ ಟ್ಯಾಂಕು

ದೀಪ ಹಂಗೇ ಉರೀಲಿ, ಆರಿಸ್ಬೇಡಿ. ಇದು ಯಾರೋ ಕಟ್ಟಿ ಹೇಳಿದ್ದಲ್ಲ... ನಮ್ಮ ಚಿಕ್ಕಪ್ಪನ ಮಗಳು ರಂಜಿತಂಗೆ ಆಗಿದ್ದು. ಹೋದ ವರ್ಷ, ಮಾಗಿಚಳೀಲಿ.

ದೊಡ್ಡಬೆಳವಂಗಲದ ಆಚೆ ವಿಮಾನ ಹಾರಿಸೋದು ಕಲಿಸೋ ಒಂದು ಶಾಲೆ. ಎರಡೇ ಸೀಟಿನ ಪುಟ್ಟ ವಿಮಾನಗಳು, ಪೆಟ್ರೋಲ್ ಎಂಜಿನ್ನು. ರಂಜಿತ ಅಲ್ಲಿ ಕಲೀತಿದ್ದಳು. ಬೆಳಗ್ಗೆ ಹಾರೋ ವಿಮಾನವನ್ನ ಹಿಂದಿನ ಸಂಜೆ ನೋಡಿಡೋ ಸರದಿ ಅವತ್ತು ಅವಳದು. ರೆಕ್ಕೆಗೊಂದು ಟ್ಯಾಂಕು. ಒಳಗಿರೋ ಮೀಟರಿನ ಮುಳ್ಳನ್ನ ನಂಬೋ ಹಂಗಿಲ್ಲ. ಮುಚ್ಚಳ ತೆಗೆದು, ಗೆರೆ ಹಾಕಿದ ಕೋಲು ಇಳಿಸಿ, ಎಲ್ಲೀತನಕ ಒದ್ದೆಯಾಗಿದೆ ಅಂತ ನೋಡ್ಬೇಕು. ಅವಳಿಗೆ ಅವತ್ತು ವಿಪರೀತ ತಲೆನೋವು. ಮುಳ್ಳು ಎರಡೂ ಕಡೆ ಫುಲ್ ತೋರಿಸ್ತಿತ್ತು. ಸಾಕು ಅಂತ ಕೋಲು ಮುಟ್ಟದೆ ಶೆಡ್ಡಿಗೆ ಬೀಗ ಹಾಕಿಸಿದಳು. ಊಟ ಮುಗಿಸಿ ರೂಮಿನ ಕಡೆ ಹೊರಟಾಗ ಕತ್ತಲು ಗವ್ವೆನ್ನುತ್ತಿತ್ತು.

ದಾರೀಲಿ ಆಲದ ಮರ. ಬುಡದಲ್ಲಿ ಬತ್ತಿಹೋದ ಬಾವಿ.

ಟಕ್...

ನಿಂತಳು. ಜೀರುಂಡೆಗಳೂ ಸುಮ್ಮನಾದವು.

ಟಕ್... ಟಕ್...

ಕಲ್ಲಿನ ಸದ್ದಲ್ಲ. ಖಾಲಿ ತಗಡಿನ ಡಬ್ಬದ ತಳಕ್ಕೆ ಮರದ ಕೋಲು ತಾಗಿದ ಸದ್ದು. ಬಾವಿಕಟ್ಟೆ ಮೇಲೆ ಒಬ್ಬ ಕುಕ್ಕರುಗಾಲಲ್ಲಿ ಕೂತಿದ್ದ. ಕೈಯಲ್ಲಿ ಮೊಳದುದ್ದದ ಕೋಲು. ಬಾವಿಯೊಳಕ್ಕೆ ಇಳಿಸ್ತಾನೆ... ಟಕ್. ಎತ್ತಿ ನೋಡ್ತಾನೆ. ಮತ್ತೆ ಇಳಿಸ್ತಾನೆ. ಆ ಬಾವಿ ನಾಲ್ಕಾಳು ಆಳ.

"ಯಾರಣ್ಣಾ... ಏನ್ ನೋಡ್ತಿದ್ದೀರ?" ಅಂದಳು.

ಅವನು ತಿರುಗಲಿಲ್ಲ. "ಎಡಗಡೇದು ಒಣಗೋಗೈತೆ ಕಣವ್ವಾ," ಅಂದ. ಪಿಸುಮಾತು. ಆದ್ರೆ ಕಿವಿ ಪಕ್ಕದಲ್ಲೇ ಅಂದಂಗಾಯ್ತು.

ರಂಜಿತ ಓಡಿದಳು. ರೂಮಿಗಲ್ಲ... ವಾಪಸ್ ಶೆಡ್ಡಿಗೆ. ಬೆಳಗಾದ್ರೆ ಆ ವಿಮಾನ ಹತ್ತೋನು ಅವಳ ಜೊತೆ ಕಲಿಯೋ ಮುರಳಿ. ಮೊದಲ ಸಲ ಒಬ್ಬನೇ, ಮಾಕಳಿದುರ್ಗದ ತನಕ.

ಕಾವಲಿನ ದೊಡ್ಡಮುನಿಯಪ್ಪ ಕಂಬಳಿ ಹೊದ್ದು ಎದ್ದು ಬಂದ. "ಏನ್ ತಾಯಿ, ಈ ಹೊತ್ನಲ್ಲಿ?"

"ಬೀಗ ತೆಗೀರಿ ತಾತ. ಏನೂ ಕೇಳ್ಬೇಡಿ."

ವಿಮಾನದ ಸ್ವಿಚ್ಚು ಹಾಕಿದಳು. ಮುಳ್ಳು ಆಗಲೂ ಫುಲ್. ಬಲಗಡೆ ಮುಚ್ಚಳ ತೆಗೆದು ಕೋಲು ಇಳಿಸಿದಳು. ಬುಳುಕ್ ಅಂತು, ಮೇಲಿನ ಗೆರೆ ತನಕ ಒದ್ದೆ. ಎಡಗಡೆ ಇಳಿಸಿದಳು.

ಟಕ್.

ಕೋಲಿನ ತುದಿ ಕೂಡ ಒದ್ದೆಯಾಗಿರಲಿಲ್ಲ. ಎಂಜಿನ್ನಿಗೆ ಒಂದು ಸಲಕ್ಕೆ ಒಂದೇ ಟ್ಯಾಂಕಿನ ಪೆಟ್ರೋಲ್ ಹೋಗೋದು. ಎಡಗಡೇದಕ್ಕೆ ತಿರುಗಿಸಿ ಹಾರಿದ್ರೆ ಮರದೆತ್ತರ ಏರೋದ್ರೊಳಗೆ ಎಂಜಿನ್ ನಿಂತುಹೋಗ್ತಿತ್ತು. ಅವಳು ಆ ರೆಕ್ಕೆ ಕೆಳಗೇ ಕೂತ್ಬಿಟ್ಟಳು. ಬೆಳಗಿನ ತನಕ ಅಲ್ಲಿಂದ ಏಳಲಿಲ್ಲ. ಮುರಳಿ ಬಂದಾಗ ಅವನ ಕೈ ಹಿಡಿದು ಎಲ್ಲಾ ಹೇಳಿದಳು.

ಮೆಕ್ಯಾನಿಕ್ ಭೀಮರಾಜ್ ಬಿಚ್ಚಿ ನೋಡಿದ. ಮುಳ್ಳು ಸಿಕ್ಕಾಕ್ಕೊಂಡಿತ್ತು. ಟ್ಯಾಂಕಿನ ತಳದ ವಾಲ್ವು ಸರಿಯಾಗಿ ಕೂತಿರಲಿಲ್ಲ. ವಿಮಾನ ಎರಡು ದಿನ ಹೊರಗೆ ಹುಲ್ಲಿನ ಮೇಲೆ ನಿಂತಿದ್ದಾಗ ಎಲ್ಲಾ ತೊಟ್ಟಿಕ್ಕಿ ಹೋಗಿತ್ತು.

ಅದಕ್ಕೆಲ್ಲ ಕಾರಣ ಸಿಕ್ತು, ಬಿಡಿ. ಆದ್ರೆ ಆ ರಾತ್ರಿ ಶೆಡ್ಡಿನ ತಗಡೆಲ್ಲ ಕೊರೀತಿತ್ತು. ಬಲಗಡೆ ಮುಚ್ಚಳ ಮುಟ್ಟಿದ್ರೆ ಐಸು. ಎಡಗಡೇದು ಮಾತ್ರ... ದೊಡ್ಡಮುನಿಯಪ್ಪನ ಕೈಲೂ ಮುಟ್ಟಿಸಿದ್ಲು. ಅವನು ಸುಳ್ಳು ಹೇಳೋನಲ್ಲ, ನಾನೇ ಹೋಗಿ ಕೇಳಿದ್ದೀನಿ.

ಬೆಚ್ಚಗಿತ್ತು. ಯಾರೋ ಅಂಗೈಲಿ ಹಿಡ್ಕೊಂಡಿದ್ದು ಈಗಷ್ಟೇ ಬಿಟ್ಟಂಗೆ.