ಹೊಗೆ ಪೈಪಿನಲ್ಲಿ ಉಳಿದ ತುಂಡು

ಬಿಡಿಭಾಗಗಳ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಯಾರೋ ಅಕ್ಕ, ತಮ್ಮ ನಿಂತಿದ್ದರು. ತಮ್ಮನ ಮೊಣಕೈವರೆಗೂ ತುಕ್ಕು ಮೆತ್ತಿತ್ತು. ಅವನು ಕಾರಿನ ಹೊಗೆ ಅಳೆಯುವ ಆಕ್ಸಿಜನ್ ಸೆನ್ಸರಿನ ಮುರಿದ ತಲೆಯನ್ನು ಕೌಂಟರಿನ ಮೇಲಿಟ್ಟ.

"ಹೊಸದು ಇದೆ. ಇದರ ಉಳಿದ ತುಂಡೆಲ್ಲಿ?" ಎಂದರು ಅಂಗಡಿಯವರು.

"ಹೊಗೆ ಪೈಪಲ್ಲೇ ಕಚ್ಕೊಂಡಿದೆ. ಬಲ ಹಾಕ್ದೆ, ತಲೆ ಕಿತ್ಕೊಂಡು ಬಂತು."

"ಎಂಜಿನ್ ಬಿಸಿ ಇರೋವಾಗ ತಿರುಗಿಸ್ಬೇಕಿತ್ತಲ್ಲಪ್ಪ."

"ಮೆಕ್ಯಾನಿಕ್ ಹತ್ರ ಬಿಡು ಅಂತ ಬಡ್ಕೊಂಡೆ," ಎಂದಳು ಅಕ್ಕ.

"ಅವನು ಎರಡು ದಿನ ಬೇಕು ಅಂದ. ಅಮ್ಮಂಗೆ ಇವತ್ತು ನಾಲ್ಕಕ್ಕೆ ಡಯಾಲಿಸಿಸ್. ಹೋದ್ಸಲ ನಡುರಸ್ತೇಲಿ ಕಾರು ನಿಂತಾಗ ನೀನಿದ್ಯಾ?"

"ಟ್ಯಾಕ್ಸಿ?" ಎಂದರು ಅಂಗಡಿಯವರು.

"ಮೂವರಿಗೆ ಫೋನ್ ಮಾಡ್ದೆ. ಯಾರೂ ಬರಲ್ಲ ಅಂದ್ರು," ಎಂದ ತಮ್ಮ.

ಅಂಗಡಿಯವರು ಗಡಿಯಾರ ನೋಡಿದರು. "ಆ ತುಂಡು ಅಲ್ಲೇ ಇರ್ಲಿ, ತೂತು ಮುಚ್ಚಿರತ್ತೆ. ಸೆನ್ಸರ್ ಇಲ್ದೇನೂ ಕಾರು ಓಡತ್ತೆ, ಪೆಟ್ರೋಲ್ ಜಾಸ್ತಿ ಕುಡಿಯತ್ತೆ."

"ಮತ್ತೆ ನಿಂತ್ರೆ?"

"ನಿಲ್ಲಲ್ಲ ಅಂತ ನಾನು ಹೇಗಪ್ಪ ಹೇಳ್ಲಿ?"

ತಮ್ಮ ಮುಖ ಮುಚ್ಚಿಕೊಂಡ. "ನನ್ನ ಕೈಲಿ ಓಡ್ಸಕ್ಕಾಗಲ್ಲ ಕಣಕ್ಕ."

ಅಕ್ಕ ಅವನ ಜೇಬಿನಿಂದ ಕೀ ತೆಗೆದುಕೊಂಡಳು. "ನಾನು ಓಡಿಸ್ತೀನಿ. ನೀನು ಹಿಂದೆ ಅಮ್ಮನ ಪಕ್ಕ ಕೂತ್ಕೋ. ಅವಳ ಮುಂದೆ ಮಾತ್ರ ಅಳ್ಬೇಡ, ಬಾ."

ಹೊಸ ಸೆನ್ಸರ್ ಕೊಳ್ಳುವುದನ್ನೂ ಮರೆತು ಇಬ್ಬರೂ ಓಡಿದರು.