ಸೊಸೆಯ ಕೈಗುಣ

ಖಾನಾಪುರದಿಂದ ಬೆಳಗಾವಿಗೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೆಂಗಸು ಪಾರಿಶ್ವಾಡದಲ್ಲಿ ಹಿಟ್ಟಿನ ಗಿರಣಿ ನಡೆಸುವವರು. ಪಕ್ಕದ ಸಾಲಿನಲ್ಲಿ ಮೋಟರ್ ರಿಪೇರಿಯ ಬಾಬಾಜಾನ.

“ನಾಡಿದ್ದ ನಾಗರ ಪಂಚಮಿ. ಸೊಸಿನ್ನ ತವರಿಗೆ ಕಳಸಲಿಲ್ಲೇನ್ರಿ ಅಕ್ಕಾರ?”

“ಹೆಂಗ ಕಳಸಲೋ ಬಾಬಾಜಾನ? ಗಿರಣಿ ಮೋಟರ್ ಆಕಿ ಕೈಗಷ್ಟ ಸುರು ಆಗತೈತಿ. ಭಾರಿ ಕೈಗುಣ!”

“ಅಂದ್ರ?”

“ಬಟನ್ ಒತ್ತಿದ್ರ ಬರೇ ಗುಂಯ್ ಅಂತೈತಿ. ಆಕಿ ಬೆಲ್ಟ್ ಜಗ್ಗಿದ್ರ ತಿರಗತೈತಿ.”

ಬಾಬಾಜಾನ ನಕ್ಕ.

“ಕೈಗುಣ ಅಲ್ರೀ, ಕಂಡೆನ್ಸರ್ ಹೋಗೇತಿ. ಮೋಟರ್ ಒಳಗ ಎರಡು ವೈಂಡಿಂಗ್, ಅಂದ್ರ ತಂತಿ ಸುತ್ತು, ಇರ್ತಾವು. ಕಂಡೆನ್ಸರ್ ಒಂದಕ್ಕ ಕರೆಂಟ್ ತುಸು ಮೊದಲ ಮುಟ್ಟಸತೈತಿ. ಜೋಕಾಲಿ ದಬ್ಬಿದಂಗ ಅದು. ಆಮ್ಯಾಲ ಮೋಟರ್ ತಾನ ತಿರಗತೈತಿ. ಈಗ ದಬ್ಬೋ ಕೆಲಸ ನಿಮ್ಮ ಸೊಸಿಗೆ ಬಿದ್ದೈತಿ.”

“ಯವ್ವಾ! ಎಷ್ಟ ದೊಡ್ಡದಿರತೈತೋ ಅದು?”

“ನಿಮ್ಮ ಎಲಿ-ಅಡಿಕಿ ಡಬ್ಬಿಯಷ್ಟು.”

ಅವರು ಮಡಿಲಲ್ಲಿದ್ದ ಎಲೆ-ಅಡಿಕೆ ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತ ಕುಳಿತರು. ಬೆಳಗಾವಿಯ ಟಿಳಕವಾಡಿ ಹತ್ತಿರ ಬಂದಾಗ ಫೋನ್ ತೆಗೆದರು.

“ಐಶ್ವರ್ಯಾ, ಚೀಲ ತುಂಬ್ಕೊಳ್ಳವ್ವಾ, ನಾಳೆ ತವರಿಗೆ ಹೋಗು. ನೀ ದಬ್ಬಿದ್ದು ಸಾಕು. ಅಲ್ಲಿ ಜೋಕಾಲಿ ಮ್ಯಾಲ ಕುಂದರು, ನಿಮ್ಮಣ್ಣ ದಬ್ಬಲಿ.”

ಫೋನ್ ಇಟ್ಟು ಎದ್ದರು.

“ನಡಿಯೋ, ಆ ಡಬ್ಬಿ ಎಲ್ಲಿ ಸಿಗತೈತಿ ತೋರಸು.”

ಇಬ್ಬರೂ ಇಳಿದುಹೋದರು.